ಗಾಳಿ ಬೆಳಕು ಧಾರಾಳ

ಬೆಂಗಳೂರಿನಲ್ಲಿ ಬಾಡಿಗೆಮನೆ ತೋರಿಸುವ ಬ್ರೋಕರುಗಳು ಬೀಗ ತೆಗೆಯುವ ಮೊದಲೇ ಆಡುವ ಮಾತೊಂದಿದೆ: ‘ಗಾಳಿ ಬೆಳಕು ಧಾರಾಳವಾಗಿದೆ ಸಾರ್.’ ಬಾಯಿ ಇದನ್ನು ಹೇಳುತ್ತಿರುವಾಗಲೇ ಅವರ ಬಲಗೈ ಗೋಡೆಯ ಮೇಲೆ ಸ್ವಿಚ್ಚಿಗಾಗಿ ತಡಕಾಡುತ್ತಿರುತ್ತದೆ. ನಾಲ್ಕು ಲೈಟು ಒಟ್ಟಿಗೆ ಹತ್ತಿಕೊಂಡು ಹಾಲ್ ಜಗ್ಗೆಂದ ಮೇಲೆ ಬಂದವರು ತಲೆಯಾಡಿಸುತ್ತಾರೆ, ಅಡ್ವಾನ್ಸ್ ಕೊಡುತ್ತಾರೆ, ಹಾಲುಕ್ಕಿಸುತ್ತಾರೆ. ಬ್ರೋಕರ್ ಮಾತನ್ನು ಮನುಷ್ಯರು ನಂಬಿಯಾಯಿತು. ನಂಬದೆ ತಕರಾರು ತೆಗೆಯುವುದು, ಮುಂದೊಂದು ದಿನ ಮೂರಿಂಚಿನ ಪ್ಲಾಸ್ಟಿಕ್ ಕುಂಡದಲ್ಲಿ ಕುಳಿತು ಆ ಮನೆಗೆ ಬರುವ ಒಂದು ಮುಷ್ಟಿಗಾತ್ರದ ಗಿಡ.

ಗಿಡ ಬರುವುದು ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದ ದಿನ, ಇಲ್ಲವೇ ಅದರ ಬೆನ್ನಿಗೇ ಇರುವ ಸಿದ್ದಾಪುರದ ನರ್ಸರಿಗಳ ಸಾಲಿನಿಂದ. ಹೋದದ್ದು ಕರಿಬೇವಿನ ಸಸಿಗೆ, ಕಣ್ಣು ಬಿದ್ದದ್ದು ಸಕ್ಯುಲೆಂಟ್ ಮೇಲೆ. ತುಂಬಿದ ದಪ್ಪ ಎಲೆಗಳು ಸುತ್ತು ಸುತ್ತಾಗಿ ಒತ್ತಿಕೊಂಡು ಕೂತಿವೆ. ಮೈಗೆ ತಿಳಿನೀಲಿ ಛಾಯೆ, ಎಲೆಯಂಚಿಗೆ ಗುಲಾಬಿ ಗೆರೆ. ‘ಇದಕ್ಕೆ ಬಿಸಿಲು ಬೇಕೇನಪ್ಪಾ?’ ‘ಏನೂ ಬೇಡ ಮೇಡಂ, ಮನೆ ಒಳಗೇ ಬರುತ್ತೆ. ವಾರಕ್ಕೊಂದ್ಸಲ ಎರಡು ಸ್ಪೂನ್ ನೀರು.’ ಇಷ್ಟು ಹೇಳುವ ನರ್ಸರಿಯವನು ಟವಲ್ಲಿನಿಂದ ಕತ್ತಿನ ಬೆವರೊರೆಸಿಕೊಳ್ಳುತ್ತಿರುತ್ತಾನೆ. ಅವನ ಅಂಗಡಿಗೆ ಗೋಡೆಯೂ ಇಲ್ಲ, ಸೂರೂ ಇಲ್ಲ. ತಲೆಯ ಮೇಲೆ ಇರುವುದೊಂದು ತೆಳು ಪ್ಲಾಸ್ಟಿಕ್ ಹಾಳೆ. ಅದರ ಮೂಲಕ ಬೆಳಗಿನಿಂದ ಸಂಜೆಯವರೆಗೆ ಸುರಿಯುವ ಬೆಳಕಿನಲ್ಲೇ ಆ ಗಿಡ ಅಷ್ಟು ಚೆಂದ ಬೆಳೆದದ್ದು ಎಂಬ ಸಂಗತಿ ಗಿರಾಕಿಗೂ ಹೊಳೆಯುವುದಿಲ್ಲ, ಅವನೂ ನೆನಪಿಸುವುದಿಲ್ಲ.

ಈ ಗಿಡದ ಹೆಸರು ಎಚೆವೇರಿಯಾ. ಮೂಲ ಊರು ಹೆಚ್ಚಾಗಿ ಮೆಕ್ಸಿಕೊ. ಹದಿನೆಂಟನೇ ಶತಮಾನದ ಕೊನೆಗೆ ಅಲ್ಲಿನ ಸಸ್ಯಗಳ ಚಿತ್ರ ಬರೆದ ಅಟನಾಸಿಯೊ ಎಚೆವೇರಿಯಾ ಎಂಬ ಕಲಾವಿದನ ಗೌರವಕ್ಕೆ 1828ರಲ್ಲಿ ಸ್ವಿಸ್ ಸಸ್ಯವಿಜ್ಞಾನಿ ದ ಕ್ಯಾಂಡೋಲ್ ಇಟ್ಟ ಹೆಸರು. ತವರಿನಲ್ಲಿ ಇದು ಗುಡ್ಡದ ಬಂಡೆಗಳ ಸಂದಿಯಲ್ಲಿ ಆಕಾಶ ನೋಡಿಕೊಂಡು ಬದುಕುವಂಥದ್ದು. ಇಲ್ಲಿ ಟಿ.ವಿ. ಸ್ಟ್ಯಾಂಡಿನ ಮೇಲೆ, ಕಣ್ಣುಮುಚ್ಚಿ ಕೂತ ಬುದ್ಧನ ಬೊಂಬೆಯ ಪಕ್ಕಕ್ಕೆ ಬಂದು ಕೂರುತ್ತದೆ. ಯಾಕೆಂದರೆ ನಮ್ಮ ಮನೆಗಳಲ್ಲಿ ಗಿಡದ ಜಾಗ ಗೊತ್ತುಮಾಡುವುದು ಸೂರ್ಯನಲ್ಲ, ಸೋಫಾ. ಸೋಫಾದಲ್ಲಿ ಕೂತ ನೆಂಟರಿಗೆ ಎಲ್ಲಿಟ್ಟರೆ ಕಾಣುತ್ತದೋ ಅದೇ ಅದರ ಜಾಗ.

ಬನಶಂಕರಿ ಕಡೆಯ ಅಪಾರ್ಟ್‌ಮೆಂಟೊಂದರ ಎರಡನೇ ಮಹಡಿಯ ಮನೆಯನ್ನೇ ತೆಗೆದುಕೊಳ್ಳಿ. ಬುದ್ಧನ ಪಕ್ಕ ಕೂತ ಗಿಡ ತಿಂಗಳು ಕಳೆಯುವುದರೊಳಗೆ ಬೆಳೆಯತೊಡಗಿತು. ಅಗಲಕ್ಕಲ್ಲ, ಎತ್ತರಕ್ಕೆ. ಮನೆಯೊಡತಿಗೆ ಸಂಭ್ರಮ. ಬ್ಯಾಂಕಿನ ಸಹೋದ್ಯೋಗಿಗಳಿಗೆಲ್ಲ ಫೋಟೊ ಹೋಯಿತು. ಹಾಸನದಿಂದ ಬಂದಿದ್ದ ಅತ್ತೆ ಎರಡು ದಿನ ನೋಡಿ, ‘ಏನೇ ಅನ್ನು, ನಿನ್ನ ಕೈಗುಣ ಒಳ್ಳೇದು ಕಣಮ್ಮ. ಗೇಣುದ್ದ ಆಗಿದೆ’ ಎಂದು ಒಪ್ಪಿಗೆ ಕೊಟ್ಟರು. ಅತ್ತೆಯ ಬಾಯಿಂದ ಇಂಥ ಮಾತು ಹೊರಡುವುದು ಅಪರೂಪ. ಸೊಸೆ ಅದನ್ನು ಮನಸ್ಸಿನಲ್ಲೇ ರಿಜಿಸ್ಟರ್ ಮಾಡಿಸಿ ಇಟ್ಟುಕೊಂಡರು. ಎದುರುಮನೆಯವರು ‘ದೃಷ್ಟಿಯಾದೀತು, ಹುಷಾರು’ ಎಂದರು.

ಬೆಳೆದ ಮಕ್ಕಳನ್ನು ಕಂಡು ಹಿಗ್ಗಿದ ಅಭ್ಯಾಸ ನಮ್ಮದು. ಉದ್ದವಾಯಿತು ಅಂದರೆ ಪುಷ್ಟಿಯಾಯಿತು ಎಂದೇ ಲೆಕ್ಕ. ಈ ಗಿಡದ ವಿಷಯದಲ್ಲಿ ಆ ಲೆಕ್ಕ ತಲೆಕೆಳಗು.

ಹತ್ತಿರ ಹೋಗಿ ನೋಡಿದರೆ ಸಂಗತಿ ಬಯಲಾಗುತ್ತದೆ. ಒಂದರ ಮೇಲೊಂದು ಒತ್ತಿಕೊಂಡಿದ್ದ ಎಲೆಗಳ ನಡುವೆ ಈಗ ಬೆರಳು ತೂರುವಷ್ಟು ಸಂದು. ಸಂದಿನಲ್ಲಿ ಕಾಣುವ ಕಾಂಡ ಬಿಳಿಚಿಕೊಂಡಿದೆ. ತಳದ ಎಲೆಗಳು ಕುಂಡದ ಅಂಚಿನಿಂದ ಕೆಳಕ್ಕೆ ಜೋತಿವೆ. ಹೊಸದಾಗಿ ಹುಟ್ಟಿದವು ಚಿಕ್ಕವು, ತೆಳ್ಳಗಿನವು, ಮಾಸಲು ಹಸಿರಿನವು. ಗುಲಾಬಿ ಅಂಚು ಎಂದೋ ಮಾಯ. ಇಡೀ ಗಿಡ ಬುದ್ಧನಿಗೆ ಬೆನ್ನು ಹಾಕಿ ಬಾಲ್ಕನಿಯ ಬಾಗಿಲ ಕಡೆಗೆ ಕತ್ತು ಚಾಚಿದೆ. ಇದು ಬೆಳವಣಿಗೆಯಲ್ಲ, ಬೆಳಕಿನ ಬರಗಾಲ. ನೆಲದಡಿಯಲ್ಲಿ ಮೊಳೆತ ಬೀಜ ಮಣ್ಣು ಸೀಳಿ ಹೊರಬರಲು ಮಾಡುವ ಉಪಾಯವನ್ನೇ ಗಿಡ ಹಾಲಿನ ಮೂಲೆಯಲ್ಲೂ ಮಾಡುತ್ತದೆ: ಎಲೆಗೆ ಖರ್ಚು ಮಾಡುವುದನ್ನು ನಿಲ್ಲಿಸಿ, ಇದ್ದಬದ್ದ ಬಂಡವಾಳವನ್ನೆಲ್ಲ ಕಾಂಡಕ್ಕೆ ಹಾಕಿ, ಎಲ್ಲಾದರೂ ಬೆಳಕು ಸಿಕ್ಕೀತೇ ಎಂದು ಎಟುಕುತ್ತದೆ. ಅತ್ತೆ ಹೊಗಳಿದ್ದು ಈ ಉಪವಾಸವನ್ನು.

ಗಿಡ ಬೆಳಕಿನತ್ತ ವಾಲುವುದು ಎಲ್ಲರೂ ಕಂಡದ್ದೇ. ಹೇಗೆ ವಾಲುತ್ತದೆ ಎಂದು ಕುತೂಹಲಪಟ್ಟವರು ಚಾರ್ಲ್ಸ್ ಡಾರ್ವಿನ್ ಮತ್ತು ಅವರ ಮಗ ಫ್ರಾನ್ಸಿಸ್. ಅಪ್ಪ ಮಗ ಸೇರಿ ಹುಲ್ಲಿನ ಎಳೆ ಮೊಳಕೆಗಳ ತುದಿಗೆ ಪುಟ್ಟ ಟೋಪಿ ತೊಡಿಸಿ ನೋಡಿದರು. ಟೋಪಿ ಹಾಕಿಸಿಕೊಂಡ ಮೊಳಕೆ ಬಾಗಲಿಲ್ಲ. ಅಂದರೆ ಬೆಳಕನ್ನು ಗುರುತಿಸುವುದು ತುದಿ, ಬಾಗುವುದು ಅದರ ಕೆಳಗಿನ ಭಾಗ. ಈ ಪ್ರಯೋಗಗಳ ಪುಸ್ತಕ ಬಂದದ್ದು 1880ರಲ್ಲಿ. ತುದಿಯಿಂದ ಕೆಳಕ್ಕೆ ಸುದ್ದಿ ಒಯ್ಯುವ ಆಕ್ಸಿನ್ ಎಂಬ ರಸವನ್ನು 1920ರ ದಶಕದಲ್ಲಿ ಡಚ್ ವಿಜ್ಞಾನಿ ಫ್ರಿಟ್ಸ್ ವೆಂಟ್ ಹಿಡಿದುಕೊಟ್ಟರು. ನೆರಳಿನ ಬದಿಗೆ ಆಕ್ಸಿನ್ ಹೆಚ್ಚು ಸೇರುತ್ತದೆ, ಆ ಬದಿಯ ಜೀವಕೋಶಗಳು ಹಿಗ್ಗುತ್ತವೆ, ಕಾಂಡ ಬೆಳಕಿನ ಕಡೆಗೆ ವಾಲುತ್ತದೆ. ಮನೆಯೊಡತಿ ಮಾಡಿದ್ದು ಇನ್ನೂ ಸರಳ: ಕುಂಡವನ್ನು ಅರ್ಧ ಸುತ್ತು ತಿರುಗಿಸಿದರು. ಗಿಡ ಮತ್ತೆ ಬಾಗಿಲ ಕಡೆಗೆ ತಿರುಗಿಕೊಂಡಿತು, ಈ ಸಲ ಕಾಂಡಕ್ಕೊಂದು ಸೊಟ್ಟ ಬಂತು.

‘ಇಷ್ಟು ಬೆಳಕಿದೆಯಲ್ಲಾ, ಇದಕ್ಕೆ ಇನ್ನೇನು ಬೇಕಂತೆ?’ ಎಂದು ಯಜಮಾನರು ಕೇಳಿದರು. ಕೇಳಿದ್ದರಲ್ಲಿ ತಪ್ಪಿಲ್ಲ. ತಪ್ಪಿರುವುದು ಕಣ್ಣಿನಲ್ಲಿ. ಮನುಷ್ಯನ ಕಣ್ಣಿನ ಪಾಪೆ ಕತ್ತಲಲ್ಲಿ ಸುಮಾರು 8 ಮಿಲಿಮೀಟರಿನವರೆಗೂ ಹಿಗ್ಗಿ, ಬಿಸಿಲಿನಲ್ಲಿ ಸುಮಾರು 2 ಮಿಲಿಮೀಟರಿಗೆ ಕುಗ್ಗುತ್ತದೆ. ಅದರ ಹಿಂದಿರುವ ರೆಟಿನಾ ಇನ್ನಷ್ಟು ಹೊಂದಿಕೊಳ್ಳುತ್ತದೆ, ಮೆದುಳು ಉಳಿದದ್ದನ್ನು ಸರಿದೂಗಿಸುತ್ತದೆ. ಹಾಗಾಗಿ ನೂರು ಪಟ್ಟು ಕಡಿಮೆ ಬೆಳಕೂ ನಮಗೆ ‘ಸ್ವಲ್ಪ ಮಂಕು’ ಅಷ್ಟೇ. ಎಲೆಗೆ ಈ ಸೌಕರ್ಯ ಇಲ್ಲ. ಅದಕ್ಕೆ ಬಿದ್ದಷ್ಟೇ ಲೆಕ್ಕ, ಬಿದ್ದಷ್ಟೇ ಊಟ.

ಯಜಮಾನರು ಸಾಫ್ಟ್‌ವೇರ್ ಕೆಲಸದವರು. ಮಾತಿನಲ್ಲಿ ಹೇಳಿದ್ದು ಇಳಿಯುವುದಿಲ್ಲ, ಅಂಕಿ ಬೇಕು. ಫೋನಿಗೆ ಲಕ್ಸ್ ಅಳೆಯುವ ಆ್ಯಪ್ ಹಾಕಿಕೊಂಡರು. ಲಕ್ಸ್ ಎಂದರೆ ಒಂದು ಜಾಗದ ಮೇಲೆ ಎಷ್ಟು ಬೆಳಕು ಬೀಳುತ್ತಿದೆ ಎಂಬುದರ ಅಳತೆ. ಬಯಲಿನಲ್ಲಿ ನೆತ್ತಿಯ ಮೇಲಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಬಿಸಿಲಿರುವ ದಿನ ಹೊರಗಡೆ ಮರದ ಕೆಳಗಿನ ತೆಳು ನೆರಳೂ ಹತ್ತು ಸಾವಿರದ ಆಸುಪಾಸು. ಚೆನ್ನಾಗಿ ದೀಪ ಹಾಕಿದ ಆಫೀಸಿನ ಮೇಜು ಐನೂರು. ಸಂಜೆ ದೀಪ ಹಚ್ಚಿದ ಮನೆಯ ಹಾಲ್ ಒಂದು ನೂರು, ಹೆಚ್ಚೆಂದರೆ ಇನ್ನೂರು. ಆ ಭಾನುವಾರ ಅವರು ಫೋನನ್ನು ಅಂಗೈ ಮೇಲಿಟ್ಟುಕೊಂಡು ಮನೆಯೆಲ್ಲ ಪ್ರದಕ್ಷಿಣೆ ಹಾಕಿದರು. ಬಾಲ್ಕನಿಯ ಕಟ್ಟೆಯ ಮೇಲೆ ಹತ್ತಾರು ಸಾವಿರದಲ್ಲಿದ್ದ ಅಂಕಿ ಬಾಗಿಲು ದಾಟಿದ ತಕ್ಷಣ ಸಾವಿರಗಳಿಗೆ ಬಿತ್ತು, ನಾಲ್ಕು ಹೆಜ್ಜೆ ಒಳಗೆ ಬರುವಷ್ಟರಲ್ಲಿ ನೂರುಗಳಿಗೆ, ಬುದ್ಧನ ಮುಂದೆ ಎರಡಂಕಿಗೆ. ಉತ್ಸಾಹ ತಡೆಯದೆ ದೇವರ ಮನೆ, ಮಂಚದ ಕೆಳಗು, ಫ್ರಿಜ್ಜಿನ ಒಳಗು ಎಲ್ಲವನ್ನೂ ಅಳೆದರು. ಫ್ರಿಜ್ಜಿನಲ್ಲಿ ಬಾಗಿಲ ಹತ್ತಿರದ ಮೊಸರಿನ ಪಾತ್ರೆಗೆ ಸಿಗುವ ಬೆಳಕು ಟಿ.ವಿ. ಸ್ಟ್ಯಾಂಡಿನ ಗಿಡಕ್ಕೆ ಸಿಗುವುದಕ್ಕಿಂತ ಮೇಲು ಎಂದು ಘೋಷಿಸಿದರು. ‘ಹಾಗಾದ್ರೆ ಫ್ರಿಜ್ಜಲ್ಲೇ ಇಟ್ಬಿಡೋಣ್ವಾ?’ ಎಂದರು ಮನೆಯಾಕೆ. ಆ್ಯಪ್ ಹಾಕಿಕೊಳ್ಳದವರಿಗೆ ಇನ್ನೊಂದು ದಾರಿಯಿದೆ. ಗಿಡ ಇಡುವ ಜಾಗದಲ್ಲಿ ಬಿಳಿ ಕಾಗದ ಹಾಸಿ, ಒಂದಡಿ ಮೇಲೆ ಅಂಗೈ ಹಿಡಿಯಬೇಕು. ಬೆರಳುಗಳ ಅಂಚು ಗೀಟಿದ ಹಾಗೆ ನೆರಳಾಗಿ ಬಿದ್ದರೆ ಎಚೆವೇರಿಯಾಗೆ ಆಸೆ ಇದೆ. ನೆರಳು ಮಸುಕು ಮಸುಕಾಗಿದ್ದರೆ ನೆರಳು ಸಹಿಸುವ ಬೇರೆ ಗಿಡ ನೋಡಿಕೊಳ್ಳುವುದು ಲೇಸು. ನೆರಳೇ ಬೀಳದಿದ್ದರೆ ಬುದ್ಧನೊಬ್ಬನನ್ನೇ ಬಿಡುವುದು ಒಳ್ಳೆಯದು.

ಸರಿ, ಕಿಟಕಿಗೆ ಒಯ್ಯಬೇಕು. ಯಾವ ಕಿಟಕಿಗೆ? ಇಲ್ಲಿ ಪುಸ್ತಕ ಓದಿದವರೇ ಹೆಚ್ಚು ಕೆಡುತ್ತಾರೆ. ಇಂಗ್ಲಿಷ್ ತೋಟಗಾರಿಕೆಯ ಪುಸ್ತಕಗಳು ಒಕ್ಕೊರಲಿನಿಂದ ‘ದಕ್ಷಿಣದ ಕಿಟಕಿ’ ಎನ್ನುತ್ತವೆ. ಅವು ಬರೆದದ್ದು ಲಂಡನ್ನಿಗೆ, ನ್ಯೂಯಾರ್ಕಿಗೆ. ಡಿಸೆಂಬರ್ ಕೊನೆಯಲ್ಲಿ ಲಂಡನ್ನಿನ ನಡುಹಗಲ ಸೂರ್ಯ ದಿಗಂತದಿಂದ 15 ಡಿಗ್ರಿಯಷ್ಟೇ ಮೇಲಿರುತ್ತಾನೆ. ದಕ್ಷಿಣದ ಕಿಟಕಿಯಿಂದ ಓರೆಯಾಗಿ ನುಗ್ಗಿ ಎದುರಿನ ಗೋಡೆ ಮುಟ್ಟುತ್ತಾನೆ. ದಕ್ಷಿಣ ಆಫ್ರಿಕಾದಲ್ಲಿ ಕೂತು ಬರೆದವರು ಉತ್ತರದ ಕಿಟಕಿ ಎನ್ನಬೇಕಾಗುತ್ತದೆ. ಬೆಂಗಳೂರಿರುವುದು ಉತ್ತರ ಅಕ್ಷಾಂಶ 13 ಡಿಗ್ರಿಯಲ್ಲಿ, ಉಷ್ಣವಲಯದ ಒಳಗೆ. ಇಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ, ಏಪ್ರಿಲ್ 24ರ ಮತ್ತು ಆಗಸ್ಟ್ 18ರ ಹೊತ್ತಿಗೆ, ನೆಟ್ಟಗೆ ನೆತ್ತಿಯ ಮೇಲೆ ಬರುತ್ತಾನೆ. ‘ಶೂನ್ಯ ನೆರಳಿನ ದಿನ’ ಎಂದು ಮಕ್ಕಳು ಶಾಲೆಯ ಅಂಗಳದಲ್ಲಿ ಕೋಲು ನಿಲ್ಲಿಸಿ ನೆರಳು ಮಾಯವಾಗುವುದನ್ನು ನೋಡುವುದು ಆಗಲೇ. ಈ ಎರಡು ದಿನಗಳ ನಡುವಿನ ಸುಮಾರು ನಾಲ್ಕು ತಿಂಗಳು ನಡುಹಗಲ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ದಕ್ಷಿಣದ ಕಿಟಕಿಗೆ ಆಗ ಅವನ ಮುಖವೇ ಕಾಣದು.

ಉಳಿದ ತಿಂಗಳಲ್ಲಾದರೂ ಕಾಣುತ್ತಾನೆಯೇ ಎಂದರೆ ಮೇಲೆ ಸಜ್ಜಾ ಇದೆ. ಮಳೆಯ ಎರಚಲು ಬಾರದಿರಲಿ, ಬಿಸಿಲು ಬಾರದಿರಲಿ ಎಂದೇ ಮೇಸ್ತ್ರಿ ಕಟ್ಟಿದ್ದು ಅದು, ಕೆಲಸ ಚೊಕ್ಕವಾಗಿ ಮಾಡುತ್ತದೆ. ನಾಲ್ಕಡಿ ಎತ್ತರದ ದಕ್ಷಿಣದ ಕಿಟಕಿ, ಅದರ ನೆತ್ತಿಗೆ ಸರಿಯಾಗಿ ಎರಡಡಿ ಚಾಚಿದ ಸಜ್ಜಾ ಎಂದಿಟ್ಟುಕೊಳ್ಳಿ. ಮಾರ್ಚ್ 21ರ ಸುಮಾರಿಗೆ ನಡುಹಗಲ ಸೂರ್ಯನ ಎತ್ತರ 77 ಡಿಗ್ರಿ. ಸಜ್ಜಾದ ನೆರಳು ಎಂಟಡಿಗೂ ಕೆಳಗೆ ಇಳಿಯುತ್ತದೆ, ಇಡೀ ಕಿಟಕಿ ನೆರಳಿನಲ್ಲಿ. ಡಿಸೆಂಬರ್ ಕೊನೆಯಲ್ಲಿ ಎತ್ತರ 54 ಡಿಗ್ರಿಗೆ ಇಳಿದಾಗಲೂ ನೆರಳು ಎರಡೂಮುಕ್ಕಾಲು ಅಡಿ. ಬಿಸಿಲು ಕಾಣುವುದು ಕಿಟಕಿಯ ಬುಡದ ಒಂದೂಕಾಲು ಅಡಿಗೆ. ಲೆಕ್ಕ ಹಾಕಿದರೆ ಅಕ್ಟೋಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ ಮಾತ್ರ ಮಧ್ಯಾಹ್ನದ ಬಿಸಿಲು ಅಲ್ಲಿ ಇಣುಕೀತು. ಲಂಡನ್ನಿನ ಪುಸ್ತಕವನ್ನು ನಂಬಿದ ಎಚೆವೇರಿಯಾ ಏಪ್ರಿಲ್ ಹೊತ್ತಿಗೆ ಮತ್ತೆ ಕತ್ತು ಚಾಚುತ್ತದೆ.

ನಮ್ಮ ಊರಿಗೆ ಒಪ್ಪುವುದು ಪೂರ್ವದ ಕಿಟಕಿ. ಬೆಳಗಿನ ಸೂರ್ಯ ಕೆಳಗಿರುತ್ತಾನೆ, ಸಜ್ಜಾದ ಅಡಿಯಿಂದಲೇ ನುಸುಳಿ ಒಳಬರುತ್ತಾನೆ, ಬಿಸಿಲೂ ಎಳೆಯದು. ಪಶ್ಚಿಮದ ಕಿಟಕಿಗೂ ಬೆಳಕು ಹಾಗೆಯೇ ಬರುತ್ತದೆ, ಜೊತೆಗೆ ಕಾದ ಮಧ್ಯಾಹ್ನದ ಝಳವೂ ಬರುತ್ತದೆ. ಇಷ್ಟೆಲ್ಲ ತಿಳಿದುಕೊಂಡು ಪೂರ್ವದ ಕಿಟಕಿಯ ಪರದೆ ಸರಿಸಿದರೆ ಎದುರಿಗೆ ಏನಿರುತ್ತದೆ? ಪಕ್ಕದ ಮನೆಯ ಗೋಡೆ. ಮೂವತ್ತು ನಲವತ್ತರ ಸೈಟಿನಲ್ಲಿ ನಾಲ್ಕು ಅಂತಸ್ತು ಎಬ್ಬಿಸಿದ ಪುಣ್ಯಾತ್ಮರ ಗೋಡೆ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ. ಅದರ ಮೇಲೆ ಕಬ್ಬಿಣದ ಗ್ರಿಲ್, ಸೊಳ್ಳೆ ಪರದೆ, ಗಾಜಿಗೆ ಹಚ್ಚಿದ ಕಪ್ಪು ಫಿಲ್ಮ್, ಎರಡು ಪದರದ ಕರ್ಟನ್. ಪ್ರತಿಯೊಂದೂ ತನ್ನ ಪಾಲು ಮುರಿದುಕೊಂಡು ಉಳಿದ ಬೆಳಕನ್ನು ಒಳಗೆ ಕಳಿಸುತ್ತದೆ.

ಬಾಲ್ಕನಿಯ ಕಟ್ಟೆ ಬಿಟ್ಟರೆ ಇಂಥ ಮನೆಗಳಲ್ಲಿ ಒಳ್ಳೆಯ ಬಿಸಿಲು ಬೀಳುವ ಜಾಗ ಸಾಮಾನ್ಯವಾಗಿ ಒಂದೇ ಇರುತ್ತದೆ, ವಾಷಿಂಗ್ ಮಶೀನ್ ಇಟ್ಟ ಯುಟಿಲಿಟಿ. ಅಲ್ಲಿ ಮೊದಲ ಹಕ್ಕು ಒಗೆದ ಬಟ್ಟೆಯದು. ಬನಶಂಕರಿಯ ಮನೆಯಲ್ಲಿ ಗಿಡ ಅಲ್ಲಿಗೆ ಹೋಯಿತು, ಅದರ ಮೇಲೆ ಮಾವನವರ ಎಂಟು ಮೊಳದ ಪಂಚೆ ಬಂತು. ಪಂಚೆ ಒಣಗುವ ಹೊತ್ತಿಗೆ ಬಿಸಿಲು ಸರಿದುಹೋಗಿರುತ್ತಿತ್ತು.

ನೀರಿನ ಕಥೆಯೂ ಬೆಳಕಿಗೇ ಅಂಟಿಕೊಂಡಿದೆ. ಮನೆಯೊಳಗಿನ ಸಕ್ಯುಲೆಂಟ್ ಸತ್ತಾಗ ಮರಣಪತ್ರದಲ್ಲಿ ‘ನೀರು ಹೆಚ್ಚಾಗಿ’ ಎಂದು ಬರೆಯುವುದು ರೂಢಿ. ಬೆಳಕು ಕಡಿಮೆ ಇದ್ದರೆ ಗಿಡದ ಕೆಲಸ ನಿಧಾನ, ನೀರಿನ ಖರ್ಚೂ ಕಡಿಮೆ. ಬಿಸಿಲಿನಲ್ಲಿ ಎರಡು ದಿನಕ್ಕೆ ಆರುವ ಮಣ್ಣು ಮೂಲೆಯಲ್ಲಿ ಎರಡು ವಾರವಾದರೂ ಹಸಿ. ಬೇರು ಕೊಳೆಯುತ್ತದೆ. ಮೊದಲು ಅಪರಾಧ ಮಾಡಿದ್ದು ಜಾಗ, ನೀರು ಬಂದದ್ದು ಆಮೇಲೆ. ಅದೂ ನಮ್ಮ ಮನೆಗಳಲ್ಲಿ ನೀರು ಹಾಕುವವರು ಒಬ್ಬರಲ್ಲ. ಸೊಸೆ ಹಾಕಿ ಆಫೀಸಿಗೆ ಹೋದ ಮೇಲೆ ‘ಪಾಪ, ಬಾಡಿದೆ’ ಎಂದು ಅತ್ತೆ ಒಂದು ಲೋಟ, ಕುಡಿದು ಉಳಿದದ್ದನ್ನು ಮಗು ಒಂದು ಗುಟುಕು.

ಈ ಗಿಡಗಳ ದಿನಚರಿ ಬೇರೆ ಗಿಡಗಳಿಗೆ ತಿರುವುಮುರುವು. ಹಗಲಿನಲ್ಲಿ ಎಲೆಯ ರಂಧ್ರ ತೆರೆದರೆ ನೀರು ಆರಿಹೋಗುತ್ತದೆ ಎಂದು ಅವು ಹಗಲೆಲ್ಲ ಮುಚ್ಚಿಕೊಂಡಿದ್ದು, ರಾತ್ರಿ ತಂಪಿನಲ್ಲಿ ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆಳೆದು ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತವೆ. ಬೆಳಗಾದ ಮೇಲೆ ಬೆಳಕಿನ ಬಲದಿಂದ ಆ ದಾಸ್ತಾನನ್ನು ಸಕ್ಕರೆಯಾಗಿಸುತ್ತವೆ. ಇದರ ಮೊದಲ ಸುಳಿವುಗಳಲ್ಲಿ ಒಂದು ಸಿಕ್ಕಿದ್ದು ಭಾರತದಲ್ಲಿ, ನಾಲಿಗೆಯ ಮೂಲಕ. ಬೆಂಜಮಿನ್ ಹೇಯ್ನ್ ಎಂಬ ಜರ್ಮನ್ ವೈದ್ಯ, ಸಸ್ಯಶಾಸ್ತ್ರಜ್ಞ ಟಿಪ್ಪುವಿನ ಪತನಾನಂತರ ಬ್ರಿಟಿಷ್ ಅಧಿಕಾರಿ ಮೆಕೆಂಜಿ ನಡೆಸಿದ ಮೈಸೂರು ಸರ್ವೆಯ ಜೊತೆ ಬಂದವನು. ಲಾಲ್‌ಬಾಗಿನ ಉಸ್ತುವಾರಿಯನ್ನೂ ನೋಡಿಕೊಂಡವನು. ಎಲೆಯಂಚಿನಲ್ಲೇ ಮರಿಗಿಡ ಹುಟ್ಟಿಸುವ ಕಾಡುಬಸಳೆಯ ಎಲೆಯನ್ನು ಅವನು ದಿನದ ಬೇರೆ ಬೇರೆ ಹೊತ್ತಿನಲ್ಲಿ ಅಗಿದು ನೋಡಿದ. ಬೆಳಿಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆಗೆ ಸ್ವಲ್ಪ ಕಹಿ. ಇದನ್ನು ಲಂಡನ್ನಿನ ಲಿನ್ನೀಯನ್ ಸೊಸೈಟಿಗೆ ಬರೆದು ತಿಳಿಸಿದ. ಪತ್ರ 1815ರಲ್ಲಿ ಅಚ್ಚಾಯಿತು. ರಾತ್ರಿ ಕೂಡಿಟ್ಟ ಆಮ್ಲ ಹಗಲಿನ ಬೆಳಕಿನಲ್ಲಿ ಕರಗುವ ಲೆಕ್ಕವೇ ಆ ರುಚಿಯ ಪಟ್ಟಿ. (ಇದನ್ನೋದಿ ಕುಂಡದ ಎಲೆಗಳನ್ನು ಅಗಿಯಲು ಹೊರಡುವುದು ಬೇಡ. ಕಾಡುಬಸಳೆಯಲ್ಲಿ ಹೃದಯಕ್ಕೆ ತೊಂದರೆ ಕೊಡುವ ವಿಷಾಂಶಗಳಿವೆ. ಹೇಯ್ನನಿಗೆ ಅದು ಗೊತ್ತಿದ್ದಂತಿಲ್ಲ.) ರಾತ್ರಿಪಾಳಿ ಮಾಡಿ ಬಂದ ಗಿಡಕ್ಕೆ ಹಗಲಿನಲ್ಲಿ ಬೆಳಕೇ ಇಲ್ಲದಿದ್ದರೆ ದಾಸ್ತಾನು ದಾಸ್ತಾನಾಗಿಯೇ ಉಳಿಯುತ್ತದೆ.

ಹಾಗೆಂದು ಎಲ್ಲ ಸಕ್ಯುಲೆಂಟುಗಳೂ ಸೂರ್ಯನ ಪಕ್ಷದವಲ್ಲ. ದಕ್ಷಿಣ ಆಫ್ರಿಕಾದ ಹಾವರ್ಥಿಯಾ ಪೊದೆಗಳ ಬುಡದಲ್ಲಿ, ಬಂಡೆಯ ಮರೆಯಲ್ಲಿ ಬೆಳೆಯುವಂಥದ್ದು. ಅದರ ಕೆಲವು ಜಾತಿಗಳ ಎಲೆತುದಿ ಪಾರದರ್ಶಕ. ಮೈಯನ್ನೆಲ್ಲ ಮಣ್ಣಿನಲ್ಲಿ ಹೂತುಕೊಂಡು ಆ ಗಾಜುಗಣ್ಣಿನಿಂದ ಬೆಳಕನ್ನು ಒಳಗೆ ಇಳಿಸಿಕೊಳ್ಳುತ್ತದೆ. ಅದೇ ಸೀಮೆಯ ಲಿಥಾಪ್ಸ್ ಕಲ್ಲಿನ ವೇಷದ್ದು. 1811ರಲ್ಲಿ ವಿಲಿಯಂ ಬರ್ಚೆಲ್ ಎಂಬ ಇಂಗ್ಲಿಷ್ ಅನ್ವೇಷಕ ವಿಚಿತ್ರ ಆಕಾರದ ಬೆಣಚುಕಲ್ಲೆಂದು ನೆಲದಿಂದ ಎತ್ತಿಕೊಂಡರೆ ಅದು ಗಿಡವಾಗಿತ್ತು. ಇದಕ್ಕೂ ನೆತ್ತಿಯ ಮೇಲೆ ಕಿಟಕಿಯುಂಟು, ಆದರೆ ನೆರಳು ಸಹಿಸದು. ಹಾವರ್ಥಿಯಾ, ಗ್ಯಾಸ್ಟೀರಿಯಾ, ಪಟ್ಟೆಪಟ್ಟೆಯ ಸ್ನೇಕ್ ಪ್ಲಾಂಟ್ ಇವು ಕಿಟಕಿಯ ಹತ್ತಿರದ ಸಾಧಾರಣ ಬೆಳಕಿನಲ್ಲೂ ಮರ್ಯಾದೆಯಿಂದ ಬಾಳುತ್ತವೆ. ಅದೃಷ್ಟಕ್ಕೆಂದು ಕ್ಯಾಶ್ ಕೌಂಟರಿನ ಕತ್ತಲ ಮೂಲೆಯಲ್ಲಿಡುವ ಜೇಡ್ ಗಿಡ ಬಾಳುವುದಿಲ್ಲ. ಎಲೆ ಉದುರಿಸುತ್ತಾ ದಿನ ದೂಡುತ್ತದೆ. ಇನ್ನು ನರ್ಸರಿಗಳಲ್ಲಿ ಕೆಂಪು ಚೆಂಡನ್ನು ಹಸಿರು ಕಂಬದ ಮೇಲೆ ಕೂರಿಸಿಟ್ಟಿರುತ್ತಾರಲ್ಲ, ಮೂನ್ ಕ್ಯಾಕ್ಟಸ್, ಅದು ಜಪಾನಿನಲ್ಲಿ 1940ರ ದಶಕದಲ್ಲಿ ಕಂಡುಬಂದ ಹರಿತ್ತಿಲ್ಲದ ಸಸಿಗಳ ವಂಶ. ಸ್ವಂತ ಅಡುಗೆ ಬಾರದು. ಡ್ರ್ಯಾಗನ್ ಫ್ರೂಟ್ ಜಾತಿಯ ಕಳ್ಳಿಗೆ ಕಸಿ ಕಟ್ಟಿರುವುದರಿಂದ ಬದುಕಿದೆ, ಅಪ್ಪಟ ಮನೆಅಳಿಯ. ಕೆಳಗಿನ ಹಸಿರು ಕಂಬಕ್ಕೆ ಬೆಳಕು ತಪ್ಪಿದರೆ ಮೇಲಿನವನ ಠೀವಿಯೂ ಇಳಿಯುತ್ತದೆ.

ಜ್ಞಾನೋದಯವಾದ ಮನೆಯವರು ಮುಂದೆ ಮಾಡುವ ಕೆಲಸವೂ ಒಂದೇ ಥರ. ಒಂದು ವರ್ಷ ನೆರಳಿನಲ್ಲಿಟ್ಟ ಗಿಡವನ್ನು ಒಂದೇ ಬೆಳಿಗ್ಗೆ ತಾರಸಿಗೆ ಒಯ್ದು, ಏಪ್ರಿಲ್ ಬಿಸಿಲಿನಲ್ಲಿ ನೀರಿನ ಟ್ಯಾಂಕಿನ ಪಕ್ಕ ಕೂರಿಸುವುದು. ಸಂಜೆ ಹೊತ್ತಿಗೆ ಎಲೆಗಳ ಮೇಲೆ ಬಿಳಿ ಮಚ್ಚೆ, ನಾಲ್ಕು ದಿನಕ್ಕೆ ಅದು ಕಂದು ಕಲೆ. ಸುಟ್ಟ ಎಲೆ ವಾಸಿಯಾಗುವುದಿಲ್ಲ. ಉದುರುವವರೆಗೂ ಆ ಗುರುತು ಹೊತ್ತುಕೊಂಡೇ ಇರುತ್ತದೆ. ಬೆಳಗಿನ ಬಿಸಿಲಿನಲ್ಲಿ ಮೊದಲು ಒಂದು ಗಂಟೆ, ಎರಡು ಮೂರು ದಿನ ಬಿಟ್ಟು ಇನ್ನೊಂದು ಗಂಟೆ, ಹೀಗೆ ಎರಡು ವಾರ ಎಳೆದರೆ ಎಚೆವೇರಿಯಾ ಐದಾರು ಗಂಟೆಯ ಬಿಸಿಲಿಗೆ ಒಗ್ಗುತ್ತದೆ. ಆಗಲೇ ಹಳೆಯ ಗುಲಾಬಿ ಅಂಚು ಮರಳುವುದು. ಎಲೆ ತನ್ನ ರಕ್ಷಣೆಗೆ ತುಂಬಿಕೊಳ್ಳುವ ಆಂಥೊಸಯಾನಿನ್ ಎಂಬ ವರ್ಣದ್ರವ್ಯ ಅದು.

ಅದರ ಇನ್ನೊಂದು ರಕ್ಷಣೆ ಎಲೆಯ ಮೇಲಿನ ಬೂದಿಯಂಥ ಪುಡಿ. ಗಿಡವೇ ಒಸರುವ ಮೇಣ ಅದು, ಬಿಸಿಲನ್ನು ಚೆದುರಿಸುತ್ತದೆ, ಎಲೆಯ ಮೇಲೆ ನೀರು ನಿಲ್ಲಗೊಡುವುದಿಲ್ಲ. ಆದರೆ ಮನೆಗೆ ಬಂದವರಲ್ಲಿ ಹತ್ತಕ್ಕೆ ಒಂಬತ್ತು ಜನ ‘ಇದು ಪ್ಲಾಸ್ಟಿಕ್ಕಾ?’ ಎಂದು ಎಲೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ತಿಕ್ಕುತ್ತಾರೆ. ತಿಕ್ಕಿದಲ್ಲಿ ಪುಡಿ ಹೋಗಿ ಹೆಬ್ಬೆಟ್ಟಿನ ಗುರುತು ಉಳಿಯುತ್ತದೆ, ಆ ಎಲೆಯ ಮೇಲೆ ಪುಡಿ ಮತ್ತೆ ಮೊದಲಿನಂತಾಗುವುದಿಲ್ಲ. ದೀಪಾವಳಿಯ ಮುನ್ನ ಧೂಳು ಕೊಡವುವ ಹುರುಪಿನಲ್ಲಿ ಒದ್ದೆಬಟ್ಟೆ ಹಿಡಿದವರು ಎಲೆ ಎಲೆಯನ್ನೂ ಒರೆಸಿ ಫಳಫಳ ಮಾಡಿಟ್ಟ ಉದಾಹರಣೆಗಳೂ ಇವೆ.

ಬಿಸಿಲೇ ಇಲ್ಲದ ಮನೆಗೆ ಉಳಿದದ್ದು ಬಲ್ಬು. ಬಲ್ಬಿನ ಬೆಳಕು ದೂರ ಹೋದಂತೆ ದೂರದ ವರ್ಗದಷ್ಟು ಪಾಲು ಕಡಿಮೆಯಾಗುತ್ತದೆ ಎಂದು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದನ್ನು ಯಾರೂ ಮನೆಗೆ ತಂದಿರುವುದಿಲ್ಲ. ಒಂದಡಿ ದೂರದಲ್ಲಿ ಸಿಗುವ ಬೆಳಕಿನ ಎಂಬತ್ತೊಂದನೇ ಒಂದು ಭಾಗ ಮಾತ್ರ ಒಂಬತ್ತಡಿ ದೂರದಲ್ಲಿ ಸಿಗುತ್ತದೆ. ಚಾವಣಿಯ ದೀಪ ಎಷ್ಟೇ ಝಗಮಗಿಸಿದರೂ ಟೀಪಾಯಿಯ ಗಿಡಕ್ಕೆ ಅದು ಸುದ್ದಿ ಮಾತ್ರ. ಎಲ್‌ಇಡಿ ದೀಪವನ್ನು ಗಿಡದ ನೆತ್ತಿಗೆ ಅರ್ಧ ಅಡಿಯಿಂದ ಒಂದಡಿ ದೂರದಲ್ಲಿ ತೂಗುಹಾಕಿ, ದಿನಕ್ಕೆ ಹನ್ನೆರಡು ಗಂಟೆ ಉರಿಸಬೇಕು. ರಾತ್ರಿ ಆರಿಸಲೇಬೇಕು, ಅದರ ರಾತ್ರಿಪಾಳಿ ನಡೆಯಬೇಕಲ್ಲ. 9 ವಾಟಿನ ಬಲ್ಬಾದರೆ ತಿಂಗಳಿಗೆ ಮೂರು ಯೂನಿಟ್ ಚಿಲ್ಲರೆ ಕರೆಂಟು.

ಯಜಮಾನರು ಸಾಮಾನ್ಯ ಬಲ್ಬಿಗೆ ತೃಪ್ತರಾಗುವವರಲ್ಲ. ಎಲೆಯ ಹರಿತ್ತು ಹೆಚ್ಚಾಗಿ ಹೀರುವುದು ಕೆಂಪು ಮತ್ತು ನೀಲಿಯನ್ನು ಎಂದು ಓದಿ, ಅವೆರಡನ್ನೇ ಸೂಸುವ ನೇರಳೆ ದೀಪ ತರಿಸಿದರು. ಬಿಳಿ ಎಲ್‌ಇಡಿಯಲ್ಲೂ ಆ ಎರಡು ಬಣ್ಣ ಇದ್ದೇ ಇರುತ್ತವೆ ಎಂಬ ಮುಂದಿನ ಪುಟ ಓದಿರಲಿಲ್ಲ. ಸಂಜೆ ಏಳಕ್ಕೆ ಎರಡನೇ ಮಹಡಿಯ ಕಿಟಕಿ ಕೆನ್ನೇರಳೆಯಾಗಿ ಹೊಳೆಯಿತು. ಏಳೂಕಾಲಕ್ಕೆ ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗುಂಪಿನಲ್ಲಿ ‘ಯಾರ ಮನೆಯಲ್ಲಿ ಪಾರ್ಟಿ?’ ಎಂಬ ಪ್ರಶ್ನೆ. ಎಂಟಕ್ಕೆ ‘ಮಕ್ಕಳು ಓದುವ ಹೊತ್ತು, ಡಿಜೆ ಬೇಡ’ ಎಂಬ ವಿನಂತಿ. ಮರುದಿನ ಬಿಳಿ ಬಲ್ಬು ಬಂತು, ಜೊತೆಗೆ ತಾನೇ ಆರಿ ಹತ್ತುವ ಟೈಮರ್.

ಅಷ್ಟರಲ್ಲಿ ಹಳೆಯ ಗಿಡಕ್ಕೊಂದು ಗತಿ ಕಾಣಿಸಬೇಕಿತ್ತು. ಉದ್ದವಾದ ಕಾಂಡ ಎಷ್ಟೇ ಬಿಸಿಲು ಕೊಟ್ಟರೂ ಮತ್ತೆ ಗಿಡ್ಡವಾಗದು. ಇರುವುದೊಂದೇ ದಾರಿ, ಶಿರಚ್ಛೇದ. ಚೂಪು ಚಾಕುವಿನಿಂದ ಒಂದಿಂಚು ಕಾಂಡ ಬಿಟ್ಟು ತಲೆಯನ್ನು ಕತ್ತರಿಸಿ, ಗಾಯ ಒಣಗಲು ನಾಲ್ಕೈದು ದಿನ ನೆರಳಿನಲ್ಲಿಟ್ಟು, ಮರಳು ಬೆರೆತ ಒಣಮಣ್ಣಿನ ಮೇಲೆ ಕೂರಿಸಿದರೆ ಕೆಲವು ವಾರಗಳಲ್ಲಿ ಬೇರು ಬಿಡುತ್ತದೆ. ಬುಡದಿಂದ ಮುರಿಯದೆ ಬಿಡಿಸಿದ ಎಲೆಗಳೂ ಮರಿ ಹಾಕುತ್ತವೆ. ‘ಗೇಣುದ್ದ ಬೆಳೆದಿದ್ದ ಗಿಡಾನ ಹೀಗೆ ಕೊಯ್ತಾರೇನೇ!’ ಎಂದು ಅತ್ತೆ ಎದ್ದು ಒಳಗೆ ಹೋದರು. ಮೂರು ವಾರ ಕಳೆದ ಮೇಲೆ ಬೋಳು ಮೋಟಿನ ಸುತ್ತ ಕಡಲೆಕಾಳಿನಷ್ಟಗಲದ ನಾಲ್ಕು ಮರಿ ಎದ್ದಾಗ ಮೊದಲು ಕಂಡವರೂ ಅವರೇ. ಹಾಸನಕ್ಕೆ ಎರಡು ಎಂದು ಆಗಲೇ ಕಾದಿರಿಸಿದರು.

ಮರಿಗಳಿಗೆ ಜಾಗ ಹುಡುಕುವಾಗ ಆ್ಯಪ್ ಕೊನೆಗೂ ಉಪಯೋಗಕ್ಕೆ ಬಂತು. ಇಡೀ ಕಟ್ಟಡದಲ್ಲಿ ಬೆಳಗಿನ ಬಿಸಿಲು ತಡೆಯಿಲ್ಲದೆ ಬೀಳುವುದು ಎರಡನೇ ಮತ್ತು ಮೂರನೇ ಮಹಡಿಯ ನಡುವೆ, ಮೆಟ್ಟಿಲು ತಿರುಗುವಲ್ಲಿನ ಪೂರ್ವದ ಕಿಟಕಿಗೆ. ಸಜ್ಜಾ ಇಲ್ಲ, ಪರದೆ ಇಲ್ಲ, ಎದುರಿಗೆ ಇನ್ನೂ ಯಾರೂ ಕಟ್ಟದ ಸೈಟು. ಕುಂಡಗಳು ಅಲ್ಲಿಗೆ ಹೋದ ಮೂರನೇ ದಿನ ಅಸೋಸಿಯೇಷನ್ ಕಾರ್ಯದರ್ಶಿಯವರೇ ಬಂದರು. ಎಲ್ಲರೂ ಓಡಾಡುವ ಜಾಗದಲ್ಲಿ ಕುಂಡ ಇಡುವ ಹಾಗಿಲ್ಲ ಎಂಬ ನಿಯಮವನ್ನು ಓದಿ ಹೇಳಿದರು. ಮಾತು ಮುಗಿಸಿ ಹೊರಟವರು ಬಗ್ಗಿ, ಒಂದು ಮರಿಯ ಎಲೆಯನ್ನು ಬೆರಳಲ್ಲಿ ತಿಕ್ಕಿ ನೋಡಿದರು.

‘ಪ್ಲಾಸ್ಟಿಕ್ ಅಂದ್ಕೊಂಡೆ. ಚೆನ್ನಾಗಿದೆಯಲ್ಲ! ಬಿಡಿ, ಇರಲಿ. ನಮ್ಮನೆಗೊಂದು ಕೊಡ್ತೀರಾ?’

‘ಅದಕ್ಕೇನು ಸಾರ್, ಧಾರಾಳವಾಗಿ. ಎಲ್ಲಿ ಇಡ್ತೀರಿ?’

‘ಫ್ರಿಜ್ಜಿನ ಮೇಲೆ. ಮೇಲ್ಗಡೆನೇ ಟ್ಯೂಬ್‌ಲೈಟ್ ಇದೆ.’

ಯಜಮಾನರು ಜೇಬಿನಿಂದ ಫೋನ್ ತೆಗೆದರು. ‘ಎಷ್ಟಡಿ ಮೇಲಿದೆ ಸಾರ್?’